ಅನ್ನ ಬಿಡಿಸಿದ ನಾಲ್ಕು ವರ್ಷ

ಅನ್ನ ಬಿಟ್ಟು ಚಪಾತಿ ತಿನ್ನಿ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ನಿಮಗೆ ಇದುವರೆಗೆ ಎಷ್ಟು ಜನ ಹೇಳಿದ್ದಾರೆ? ಲೆಕ್ಕ ಸಿಗುವುದಿಲ್ಲ ಅಲ್ಲವೇ. ಹಾಗಾದರೆ ಇನ್ನೊಂದು ಕೇಳುತ್ತೇನೆ, ನೀವು ಎಷ್ಟು ಜನಕ್ಕೆ ಹೇಳಿದ್ದೀರಿ? ನಾಚಿಕೊಳ್ಳಬೇಡಿ, ನಾನೂ ಹೇಳಿದವಳೇ. ಹೇಳಿದ್ದು ಮಾತ್ರವಲ್ಲ, ನಾಲ್ಕು ವರ್ಷ ಹೊತ್ತು ಹೊತ್ತಿಗೆ ಲಟ್ಟಿಸಿ, ಬೇಯಿಸಿ, ಎದುರಿಗೆ ಕೂತು ತಿನ್ನಿಸಿದ್ದೇನೆ. ಅದೂ ಹೆತ್ತ ಮಗಳಿಗೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಚೆಗೆ ಕಲಿತಿದ್ದೇನೆ. ಬೇರೆಯವರು ಈ ಕತೆ ಹೇಳಿ ನನ್ನ ಮಾನ ತೆಗೆಯುವ ಮೊದಲು ನಾನೇ ಬರೆದುಬಿಡುವುದು ವಾಸಿ ಅನ್ನಿಸಿತು.

ಆಗ ನಾವು ಬಾಳೂರಿನ ಕಡೆ ಇದ್ದೆವು. ಒಂದಷ್ಟು ಕಾಫಿ ತೋಟ, ಕೆಳಗೆ ತುಂಡು ಗದ್ದೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಒಬ್ಬಳೇ ಮಗಳು. ತೊಂಬತ್ತರ ದಶಕದ ನಡುಭಾಗ. ಮಗಳಿಗೆ ಒಂಬತ್ತು ವರ್ಷ. ಆ ಬೇಸಿಗೆ ರಜೆಯಲ್ಲಿ ಅವಳು ನೀರು ಕುಡಿಯುವುದಕ್ಕೆ ಶುರುಮಾಡಿದಳು. ಹೂಜಿಯ ನೀರು, ಹಂಡೆಯ ನೀರು, ಕೊನೆಗೆ ಕಾಫಿ ಒಣಗಿಸುವ ಕಣದಲ್ಲಿ ಆಳುಗಳಿಗೆಂದು ಇಟ್ಟ ಕೊಡದ ನೀರು ಕೂಡ. ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಲಂಗ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ರಕ್ತ ನೋಡಿದವರೇ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಮಕ್ಕಳಿಗೆ ಬರುವ ಜಾತಿಯ ಸಕ್ಕರೆ ಕಾಯಿಲೆ ಎಂದರು. ಇದು ಮಾತ್ರೆಗೆ ಬಗ್ಗುವುದಿಲ್ಲ, ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ, ಬದುಕಿರುವವರೆಗೂ.

ಸೂಜಿ ಹಾಕುವುದನ್ನು ನಾನು ನಿಂಬೆಹಣ್ಣಿನ ಮೇಲೆ ಕಲಿತೆ. ನಮ್ಮ ಕಡೆ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು, ಹಾಗಾಗಿ ಔಷಧಿಯ ಸೀಸೆಯನ್ನು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ಇಡುವುದನ್ನೂ ಕಲಿತೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ಕಳಸದ ದೇವರಿಗೆ ಕೈ ಮುಗಿದು ಹರಕೆ ಹೊತ್ತರು. ಮಗು ಹುಷಾರಾದರೆ ತುಲಾಭಾರ, ಅವಳ ತೂಕದಷ್ಟು ನಮ್ಮ ಗದ್ದೆಯದೇ ಅಕ್ಕಿ. ಮಗಳು ಎದ್ದು ಓಡಾಡುವ ಹಾಗಾದ ಮೇಲೆ, ಹರಕೆ ತೀರಿಸಿಬಿಡೋಣವೇ ಎಂದು ಕೇಳಿದೆ.

"ಹುಷಾರಾದ್ರೆ ಅಂದಿದ್ದು ನಾನು," ಎಂದರು ಅತ್ತೆ. "ಎದ್ದು ಕೂತ್ರೆ ಹುಷಾರು ಅಂತ ಆಯ್ತೇನೆ? ಮೈ ಕೈ ತುಂಬ್ಕಳ್ಲಿ. ಒಂದು ಮೂಟೆ ತೂಕ ಬರ್ಲಿ. ಆಗ ಮಾಡದು."

ಒಂದು ಮೂಟೆ ಎಂದರೆ ನಮ್ಮಲ್ಲಿ ಐವತ್ತು ಕೆಜಿ ಕಾಫಿ. ಅವತ್ತು ಮಗಳು ಇದ್ದದ್ದು ಇಪ್ಪತ್ತು.

ಡಾಕ್ಟರು ಒಂದು ಕಾಗದ ಬರೆದುಕೊಟ್ಟಿದ್ದರು. ಎಲ್ಲವನ್ನೂ ತಿನ್ನಬಹುದು, ಅಳತೆ ಮಾಡಿ ತಿನ್ನಬೇಕು ಎಂದು ಅದರಲ್ಲಿ ಇತ್ತು. ಆ ಕಾಗದವನ್ನು ನಾನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟೆ, ಮತ್ತೆ ತೆಗೆದು ನೋಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಮಗುವನ್ನು ನೋಡಲು ನೆಂಟರು ಬರತೊಡಗಿದರು. ಬಂದವರೆಲ್ಲ ಒಂದೊಂದು ಚೀಲ ಹಣ್ಣು, ಒಂದೊಂದು ಬುದ್ಧಿಮಾತು ತಂದರು. ಹಣ್ಣನ್ನು ಮಗಳಿಗೆ ಕೊಡಲು ನನಗೆ ಭಯ, ಆಳುಗಳಿಗೆ ಹಂಚಿದೆ. ಬುದ್ಧಿಮಾತು ಪೂರ್ತಿ ನಾನೇ ತಿಂದೆ.

"ಮೊದ್ಲು ಅನ್ನ ಬಿಡ್ಸು ಮಾರಾಯ್ತಿ. ಅನ್ನದಲ್ಲೇ ಇರದು ಸಕ್ಕರೆ." ಇದನ್ನು ಒಬ್ಬರು ಹೇಳಲಿಲ್ಲ, ಎಲ್ಲರೂ ಹೇಳಿದರು. ನಮ್ಮದು ಮೂರು ಹೊತ್ತೂ ಅಕ್ಕಿ ತಿನ್ನುವ ಸೀಮೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೆ ಕಡುಬು, ಆಮೇಲೆ ಎರಡು ಹೊತ್ತು ಅನ್ನ. ಗೋಧಿ ನಮಗೆ ಊಟವಲ್ಲ, ಔಷಧಿ. ಜ್ವರ ಬಂದವರಿಗೆ ಬ್ರೆಡ್ಡು, ಸಕ್ಕರೆ ಬಂದವರಿಗೆ ಚಪಾತಿ. ಯಾರ ಮನೆಯಿಂದಲಾದರೂ ಚಪಾತಿ ಬೇಯುವ ವಾಸನೆ ಬಂದರೆ ಅಲ್ಲಿ ಯಾರಿಗೋ ಕಾಯಿಲೆ ಎಂದೇ ತಿಳಿಯುತ್ತಿದ್ದೆವು.

ಮೂಡಿಗೆರೆಯಲ್ಲಿ ಬಯಲುಸೀಮೆ ಕಡೆಯಿಂದ ಬಂದ ಮೇಷ್ಟರೊಬ್ಬರಿದ್ದರು. ಅವರ ಹೆಂಡತಿಯ ಅಡುಗೆಮನೆಯಲ್ಲಿ ಮೂರು ಮಧ್ಯಾಹ್ನ ಕೂತು ಚಪಾತಿ ಕಲಿತೆ. ಮನೆಗೆ ಬಂದು ಮಾಡಿದ ಮೊದಲನೆಯದನ್ನು ಅತ್ತೆ ಎತ್ತಿ, ಬೆಳಕಿಗೆ ಹಿಡಿದು, ಬಗ್ಗಿಸಿ ನೋಡಿದರು.

"ಇದನ್ನ ಎಂತಕ್ಕೆ ತಿನ್ನದು ಮಾರಾಯ್ತಿ. ಚಪ್ಪಲಿ ಹೊಲಿಯೋನಿಗೆ ಕೊಟ್ರೆ ಅಟ್ಟೆಗೆ ಹಾಕ್ತಾನೆ."

"ಅತ್ತೆ, ಇದು ಮಗೂಗೆ ಔಷಧಿ."

"ಔಷಧಿ ಅಂದ್ರೆ ಸರಿ. ಔಷಧಿ ರುಚಿಯಾಗಿ ಇರದು ಎಲ್ಲಿ ಬಂತು."

ಹಟ ಹಿಡಿದೆ. ಆರು ತಿಂಗಳಲ್ಲಿ ನನ್ನ ಚಪಾತಿ ಪೂರಿಯಂತೆ ಉಬ್ಬತೊಡಗಿತು. ನನಗೆ ಎಷ್ಟು ಹೆಮ್ಮೆಯೆಂದರೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಸಕ್ಕರೆ ಇದೆಯೆಂದು ತಿಳಿದರೆ ಸಾಕು, ಕೊಟ್ಟಿಗೆಹಾರ ಬರುವಷ್ಟರಲ್ಲಿ ಅವರ ಅನ್ನ ಬಿಡಿಸಿರುತ್ತಿದ್ದೆ.

ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲಕ್ಕೆ ಸಂಜೆ ಆಳುಗಳ ಚೀಲಗಳನ್ನು ಒಂದೊಂದಾಗಿ ತೂಗುತ್ತಾರೆ. ಅದಕ್ಕೆಂದು ಗೋದಾಮಿನ ಬಾಗಿಲಲ್ಲಿ ದೊಡ್ಡದೊಂದು ಕಬ್ಬಿಣದ ಕಾಟಾ ಇತ್ತು. ಶನಿವಾರ ಶನಿವಾರ ಆಳುಗಳು ಹೋದ ಮೇಲೆ ಮಗಳು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಯಜಮಾನರು ತೂಕ ನೋಡಿ ಕೂಗುತ್ತಿದ್ದರು, ಮೂಟೆಗಳ ಮೇಲೆ ಗುರುತು ಹಾಕುವ ನೀಲಿ ಬಣ್ಣದಲ್ಲಿ ನಾನು ಗೋದಾಮಿನ ಗೋಡೆಯ ಮೇಲೆ ಬರೆಯುತ್ತಿದ್ದೆ. ಇನ್ಸುಲಿನ್ ಶುರುವಾದ ಹೊಸತರಲ್ಲಿ ಇಪ್ಪತ್ತು ಇಪ್ಪತ್ತೊಂದಾಯಿತು, ಇಪ್ಪತ್ತಮೂರಾಯಿತು. ಆಮೇಲೆ ನಿಂತಿತು. ಇಪ್ಪತ್ತಮೂರು, ಇಪ್ಪತ್ತಮೂರು, ಇಪ್ಪತ್ತಮೂರು. ಹತ್ತು ವರ್ಷಕ್ಕೆ ಅಷ್ಟೇ, ಹನ್ನೊಂದಕ್ಕೆ ಅಷ್ಟೇ. ಹದಿಮೂರು ತುಂಬಿದಾಗ ಇಪ್ಪತ್ತನಾಲ್ಕು. ಗೋಡೆ ತುಂಬ ಒಂದೇ ಅಂಕಿ.

ಅವಳ ಜೊತೆಯ ಹುಡುಗಿಯರು ದಾವಣಿ ಹಾಕುವ ಎತ್ತರಕ್ಕೆ ಬೆಳೆದಿದ್ದರು. ಇವಳಿಗೆ ಮೂರನೇ ತರಗತಿಯ ಯೂನಿಫಾರಂ ಇನ್ನೂ ಸರಿಯಾಗಿ ಕೂರುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬರ. ಊಟವಾದ ತಕ್ಷಣ ಹಿತ್ತಲಿಗೆ ಓಟ. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರೆ ಹಲ್ಲು ಕಪ್ಪಾಯಿತೇ ಹೊರತು ರಕ್ತ ಏರಲಿಲ್ಲ. ಇದೆಲ್ಲಕ್ಕಿಂತ ಹೆದರಿಸಿದ್ದು ಸಕ್ಕರೆ. ಏರುವ ಕಾಯಿಲೆಯೆಂದು ತಾನೆ ಹೇಳಿದ್ದು? ಇವಳದು ಇದ್ದಕ್ಕಿದ್ದ ಹಾಗೆ ಇಳಿದುಬಿಡುತ್ತಿತ್ತು. ಬೆವರು, ನಡುಕ, ಕಣ್ಣು ಮೇಲಕ್ಕೆ. ಚಿಕ್ಕಮಗಳೂರಿನ ಡಾಕ್ಟರಿಗೂ ತಲೆಬಿಸಿಯಾಗಿ ಒಮ್ಮೆ ಕೇಳಿದರು, "ಸೂಜಿ ಹಾಕಿ ಊಟ ಕೊಡೋದು ಮರೀತೀರೇನಮ್ಮ?"

ಆ ಮಾತು ನನಗೆ ನಾಟಿತು. ಮನೆಗೆ ಬಂದವಳೇ ಮೂರು ಚಪಾತಿಯನ್ನು ಐದು ಮಾಡಿದೆ. ಅವಳು ಅಳುತ್ತ ತಿನ್ನುತ್ತಿದ್ದಳು, ತಿನ್ನಲಾಗದೆ ಬಿಟ್ಟದ್ದನ್ನು ದಂಡವಾಗಬಾರದೆಂದು ನಾನು ತಿನ್ನುತ್ತಿದ್ದೆ.

ಅವಳಿಗೆ ಹನ್ನೊಂದಿದ್ದಾಗಲೇ ಒಂದು ಭಾನುವಾರ ಗೋದಾಮಿನ ಹಿಂದೆ ಅಜ್ಜಿ ಮೊಮ್ಮಗಳು ಇಬ್ಬರೂ ಸಿಕ್ಕಿಬಿದ್ದರು. ಖಾಲಿ ಗೋಣಿಚೀಲಗಳ ಮೇಲೆ ಕೂತು ಮಗಳು ಕಡುಬು ಕೋಳಿಸಾರು ಹೊಡೆಯುತ್ತಿದ್ದಳು. ಅತ್ತೆ ಕಾವಲು.

"ಅತ್ತೆ, ನೀವು ಇವಳನ್ನ ಕೊಲ್ತೀರಾ?"

"ನಿನ್ನ ಚಪಾತಿ ಉಳ್ಸಿದ್ರೆ ತಾನೆ ನಾನು ಕೊಲ್ಲದು."

ಮಗಳು ಬೆರಳು ನೆಕ್ಕುತ್ತ ಹೇಳಿದಳು, "ಅಮ್ಮ, ಕಡುಬು ತಿಂದ್ ದಿನ ಹೊಟ್ಟೆ ನೋಯಲ್ಲ ಕಣೆ."

ಈ ಒಂದು ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ನಾನು ಅದನ್ನು ಬಾಯಿಚಪಲ ಎಂದುಕೊಂಡೆ. ಬೈದೆ. ಅತ್ತೆಯ ಜೊತೆ ಹದಿನೈದು ದಿನ ಮಾತು ಬಿಟ್ಟೆ, ಅವರು ಅದನ್ನು ರಜೆಯೆಂದು ತಿಳಿದು ಆರಾಮವಾಗಿದ್ದರು.

ಕೊನೆಗೆ ಒಂದು ದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಗಳು ಬಿದ್ದಳು. ಟೀಚರು ಬಾಯಿಗೆ ಬೆಲ್ಲ ಇಟ್ಟು ಎಬ್ಬಿಸಿದ್ದರು. ನಾನು ಹೋದಾಗ ಹೆಡ್ಮಾಸ್ಟರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. "ಸ್ವಲ್ಪ ದಿನ ಮನೇಲೇ ಇಟ್ಕಳಿ ಅಮ್ಮ. ನಮಗೆ ಭಯ ಆಗುತ್ತೆ." ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೂ ಭಯವಾಗಿತ್ತು. ಈ ಹುಡುಗಿ ಮೂಟೆ ತೂಕಕ್ಕೆ ಬರುವುದು ಹಾಗಿರಲಿ, ಮುಂದಿನ ಕಾಫಿ ಕುಯ್ಲಿನವರೆಗೆ ಇರುತ್ತಾಳೆಯೇ ಎಂದು ಮೊದಲ ಸಲ ಯೋಚಿಸಿದ್ದು ಅವತ್ತು.

ವಾರದೊಳಗೆ ಘಟ್ಟ ಇಳಿದೆವು. ಕೆಳಗೆ ಮಂಗಳೂರಿನ ಕಡೆಯ ಒಂದು ದೊಡ್ಡ ಆಸ್ಪತ್ರೆ. ತಾನೂ ಬರುತ್ತೇನೆಂದು ಅತ್ತೆಯೂ ಹೊರಟರು, ತಡೆಯುವುದು ಸಾಧ್ಯವಿರಲಿಲ್ಲ. ಅಲ್ಲಿದ್ದವರು ಒಬ್ಬ ಹೆಣ್ಣು ಡಾಕ್ಟರು, ಚಿಕ್ಕ ವಯಸ್ಸು, ಉತ್ತರದ ಕಡೆ ಓದಿ ಬಂದವರು. ನಮ್ಮ ಫೈಲನ್ನು ಮುಚ್ಚಿಟ್ಟು ಕೇಳಿದರು.

"ಮಗು ದಿನಾ ಎಂತ ತಿಂತಾಳೆ?"

"ಎಷ್ಟು ತಿಂತಾಳೆ ಅಂತಲಾ?"

"ಎಷ್ಟು ಅಂತ ಆಮೇಲೆ ನೋಡುವ. ಎಂತ ತಿಂತಾಳೆ?"

ನಾಲ್ಕು ವರ್ಷದಿಂದ ಈ ಪ್ರಶ್ನೆಗೇ ಕಾಯುತ್ತಿದ್ದವಳ ಹಾಗೆ ನೆಟ್ಟಗೆ ಕೂತೆ. "ಬೆಳಿಗ್ಗೆ ಚಪಾತಿ. ಮಧ್ಯಾಹ್ನ ಚಪಾತಿ. ಸಂಜೆಗೆ ಗೋಧಿ ಗಂಜಿ. ರಾತ್ರಿಗೆ ಮತ್ತೆ ಚಪಾತಿ. ನಾಲ್ಕು ವರ್ಷದಿಂದ ಒಂದು ಅಗುಳು ಅನ್ನ ಕೊಟ್ಟಿಲ್ಲ ಡಾಕ್ಟ್ರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊಗಳುತ್ತಾರೆಂದು ಕಾದೆ. ಹಿಂದಿನ ಕುರ್ಚಿಯಿಂದ ಅತ್ತೆಯ ದನಿ ಬಂತು.

"ನಾನು ಕೊಟ್ಟಿದೀನಿ. ಕದ್ದು. ಕಡುಬು."

"ಅದು ತಿಂದ ದಿನ ಹೇಗಿರ್ತದೆ ಮಗು?" ಎಂದು ಡಾಕ್ಟರು ನೇರವಾಗಿ ಮಗಳನ್ನೇ ಕೇಳಿದರು.

"ಹೊಟ್ಟೆ ಸುಮ್ನಿರುತ್ತೆ."

ರಕ್ತ ತೆಗೆದು ದೂರದ ಊರಿಗೆ ಕಳಿಸಿದರು. ಅದರ ಉತ್ತರ ಬಂದ ಮೇಲೆ ಮತ್ತೆ ಕರೆಸಿ, ಬಾಯಿಂದ ಸಣ್ಣ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯಲ್ಲಿರುವ ಅಂಟು ಕೆಲವರ ಕರುಳಿಗೆ ಆಗುವುದಿಲ್ಲ. ಕರುಳಿನ ಒಳಮೈ ಹೊಸ ಟವೆಲ್ಲಿನ ಹಾಗೆ ಎಳೆ ಎಳೆಯಾಗಿ ಇರಬೇಕು. ಇವಳದು ಸವೆದುಹೋದ ಪಂಚೆಯ ಹಾಗೆ ನುಣ್ಣಗಾಗಿದೆ. ತಿಂದದ್ದು ಮೈಗೆ ಹತ್ತುವುದೇ ಇಲ್ಲ. ಇನ್ಸುಲಿನ್ ತನ್ನ ಕೆಲಸ ಮಾಡುತ್ತದೆ, ತಿಂದ ಊಟ ತನ್ನ ಕೆಲಸ ಮಾಡುವುದಿಲ್ಲ, ಅದಕ್ಕೇ ಸಕ್ಕರೆ ಕುಸಿಯುವುದು.

"ಅಲ್ಲಿ ಗೋಧಿ ತಿನ್ನುವ ಸೀಮೆಯಲ್ಲಿ ಇಂಥ ಮಕ್ಕಳನ್ನು ತುಂಬ ನೋಡಿದ್ದೆ," ಎಂದರು. "ಇಲ್ಲಿ ಎಲ್ಲರೂ ಅಕ್ಕಿ ತಿನ್ನುವವರು ಅಂತ ಯಾರಿಗೂ ಹುಡುಕ್ಲಿಕ್ಕೆ ಹೊಳೆಯುವುದಿಲ್ಲ."

"ಸಕ್ಕರೆ ಕಾಯ್ಲೆ ಒಂದು ಸಾಲದು ಅಂತ ಇದು ಬೇರೆ ಬಂತಾ?" ಎಂದೆ.

"ಬೇರೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಮ್ಮ. ಹೆಸರು ಬೇರೆ, ಬೇರು ಹತ್ತಿರ. ಹೊರಗಿನ ರೋಗ ಬಾರದ ಹಾಗೆ ಮೈಯೊಳಗೆ ಒಂದು ಕಾವಲು ಇರ್ತದಲ್ಲ, ಅದು ದಾರಿ ತಪ್ಪಿ ಮನೆಯವರನ್ನೇ ಹೊಡೀತದೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಮಾಡುವ ಜಾಗವನ್ನು ಹೊಡೀತದೆ. ಇದರಲ್ಲಿ ಕರುಳನ್ನು."

ಅತ್ತೆ ಕುರ್ಚಿ ಮುಂದಕ್ಕೆ ಎಳೆದರು. "ನಮ್ಮನೆ ಕರಿ ನಾಯಿ ಥರ ಅನ್ನಿ. ಕಾಡುಹಂದಿ ಓಡ್ಸು ಅಂತ ಸಾಕಿದ್ರೆ ನಮ್ಮ ಕೋಳಿನೇ ಹಿಡೀತಿತ್ತು."

ಡಾಕ್ಟರು ನಕ್ಕುಬಿಟ್ಟರು. "ಸರಿಯಾಗಿ ಹೇಳಿದ್ರಿ. ಒಂದು ಕೋಳಿ ಹಿಡಿದ ನಾಯಿ ಇನ್ನೊಂದಕ್ಕೂ ಬಾಯಿ ಹಾಕಬಹುದು. ಎಲ್ಲರಲ್ಲೂ ಹಾಗೆ ಆಗುವುದಿಲ್ಲ, ಆದ್ರೂ ನೋಡ್ತಾ ಇರಬೇಕು. ಇವಳ ಥೈರಾಯ್ಡನ್ನೂ ವರ್ಷ ವರ್ಷ ಪರೀಕ್ಷೆ ಮಾಡುವ. ಕರುಳಿನ ವಿಷಯದಲ್ಲಿ ನಮ್ಮ ಅದೃಷ್ಟ ಎಂತ ಅಂದ್ರೆ, ಆ ನಾಯಿಯನ್ನು ರೇಗಿಸುವುದು ಯಾರು ಅಂತ ಗೊತ್ತಿದೆ. ಗೋಧಿ ನಿಲ್ಲಿಸಿ. ಅದು ಸುಮ್ಮನಾಗ್ತದೆ." ಆಮೇಲೆ ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಥೈರಾಯ್ಡ್ ಉಂಟಾ?"

ನಾನು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. ಹೆರಿಗೆಯಾದ ಮೇಲಿನಿಂದ ಮಾತ್ರೆ ನುಂಗುತ್ತಿದ್ದೆ. ಈಚಿನ ವರ್ಷಗಳಲ್ಲಿ ಮಾತ್ರೆ ದೊಡ್ಡದಾಗುತ್ತ ಹೋಗಿತ್ತು, ಸುಸ್ತು ಮಾತ್ರ ಹೋಗಿರಲಿಲ್ಲ. ಬಾಯಿ ತುಂಬ ಹುಣ್ಣು. ವಯಸ್ಸು ನಲವತ್ತಾಯಿತಲ್ಲ ಎಂದುಕೊಂಡಿದ್ದೆ.

"ಈಚೆಗೆ ಅಂದ್ರೆ ಎಷ್ಟು ವರ್ಷ?"

"ಮೂರು, ನಾಲ್ಕು."

"ಮಗಳು ಬಿಟ್ಟ ಚಪಾತಿ ಯಾರು ತಿನ್ತಿದ್ರು?"

ಕೈ ಚಾಚಿದೆ. ನನ್ನ ರಕ್ತವನ್ನೂ ತೆಗೆದರು.

ಅತ್ತೆಗೆ ಹಬ್ಬ. "ನೋಡಿ ಡಾಕ್ಟ್ರೆ, ಎಲ್ಲ ಇವಳ ತೌರುಮನೆ ಕಡೆಯಿಂದ ಬಂದದ್ದು. ನಮ್ಮ ಕಡೆ ಇಂಥದ್ದು ಒಂದೂ ಇಲ್ಲ." ಹೇಳುತ್ತ ಹೇಳುತ್ತ ಘಟ್ಟದ ಕೆಳಗಿನ ಸೆಕೆಗೆ ಕುತ್ತಿಗೆ ಒರೆಸಿಕೊಂಡರು. ಆಗ ಅವರ ರವಿಕೆಯ ತೋಳು ಸರಿಯಿತು.

ನಮ್ಮ ಅತ್ತೆ ಕಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಡುತ್ತಿದ್ದರು. ಮೊಣಕೈಯಿಂದ ಕೆಳಗೆ ಬಿಳಿ ಮಚ್ಚೆಗಳು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಮದುವೆಮನೆಗಳಲ್ಲಿ ಅವರು ಯಾವತ್ತೂ ಬಡಿಸಲು ನಿಂತವರಲ್ಲ. ಯಾರೋ ಒಮ್ಮೆ ಏನೋ ಅಂದಿದ್ದರಂತೆ, ನಾನು ಆ ಮನೆಗೆ ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲು.

"ಅಮ್ಮ, ಆ ಕೈ ತೋರಿಸ್ತೀರಾ?" ಎಂದರು ಡಾಕ್ಟರು.

ಅತ್ತೆ ತೋಳನ್ನು ಕೆಳಗೆ ಎಳೆದುಕೊಂಡರು. ಡಾಕ್ಟರು ಎದ್ದು ಬಂದು ಅವರ ಪಕ್ಕ ಕೂತು, ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಇದೂ ಆ ನಾಯಿಯದೇ ಕೆಲಸ. ಇಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜಾಗಕ್ಕೆ ಬಾಯಿ ಹಾಕಿದೆ, ಅಷ್ಟೆ. ಅಂಟುವುದಿಲ್ಲ. ಯಾರ ಶಾಪವೂ ಅಲ್ಲ. ನೀವು ಮುಟ್ಟಿದ್ದನ್ನು ಯಾರು ಬೇಕಾದರೂ ತಿನ್ನಬಹುದು."

ಅತ್ತೆ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಅಂದರು, "ಹಂಗಾದ್ರೆ ಎರಡೂ ಕಡೆದು ಅಂತ ಆಯ್ತು." ನಾನು ನಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ನಕ್ಕೆ. ಅವರೂ ನಕ್ಕರು, ಕಣ್ಣು ಒರೆಸಿಕೊಳ್ಳುತ್ತ.

ನನ್ನ ರಕ್ತದ ಉತ್ತರವೂ ಬಂತು, ಆಮೇಲೆ ಆ ಕೊಳವೆಯನ್ನು ನಾನೂ ನುಂಗಿದೆ. ಮಗಳಿಗೆ ಇದ್ದದ್ದೇ ನನಗೂ ಇತ್ತು. ಔಷಧಿಯೆಂದು ನಾನು ಬಡಿಸಿದ್ದು ನಮ್ಮಿಬ್ಬರಿಗೂ ವಿಷವಾಗಿತ್ತು. ಈ ಮಾತನ್ನು ಒತ್ತುವಾಗ ಈಗಲೂ ಬೆರಳು ನಿಲ್ಲುತ್ತದೆ. ಅವಳು ಅಳುತ್ತ ತಿಂದ ಐದನೆಯ ಚಪಾತಿ ಕಣ್ಣಿಗೆ ಕಟ್ಟುತ್ತದೆ. ಮನೆಗೆ ಬಂದ ದಿನ ಹಿಟ್ಟಿನ ಡಬ್ಬಿಯನ್ನು ಹಾಗೆಯೇ ಎತ್ತಿ ಹಸುವಿನ ಬಾನಿಗೆ ಸುರಿದೆ. ಲಟ್ಟಣಿಗೆಯನ್ನು ಅತ್ತೆ ಕೇಳಿ ತೆಗೆದುಕೊಂಡು ಕೋಳಿಗೂಡಿನ ಬಾಗಿಲಿಗೆ ಅಗುಳಿ ಮಾಡಿದರು.

"ಕರಿ ನಾಯಿಯಿಂದ ಕೋಳಿ ಉಳ್ಸಕ್ಕೆ ಇದೇ ಸರಿ," ಎಂದರು.

ಅಕ್ಕಿ ಬಂದ ಮೇಲೆ ಸಕ್ಕರೆ ಏರಿತೇ ಎಂದು ನೀವು ಕೇಳುತ್ತೀರಿ. ದೇವರ ಗೂಡಿನಿಂದ ಆ ಹಳೆಯ ಕಾಗದ ಈಚೆಗೆ ಬಂತು. ಅನ್ನಕ್ಕೆ ಒಂದು ಅಳತೆಯ ಬಟ್ಟಲು, ಕಡುಬು ಇಷ್ಟೇ, ಜೊತೆಗೆ ಸೊಪ್ಪು, ಕಾಳು, ಮೀನು, ಬಿದಿರಿನ ಕಳಲೆ ಬೇಕಾದಷ್ಟು. ಊಟ ಮೈಗೆ ಹತ್ತತೊಡಗಿದ ಹಾಗೆ ಇನ್ಸುಲಿನ್ ಹೆಚ್ಚು ಬೇಕಾಯಿತು. ನಾನು ಗಾಬರಿಯಾಗಿ ಘಟ್ಟ ಇಳಿದು ಓಡಿದರೆ ಡಾಕ್ಟರು ಖುಷಿಯಾಗಿದ್ದರು. "ಊಟ ಒಳಗೆ ಹೋಗ್ತಾ ಉಂಟು ಅಂತ ಅರ್ಥ ಅಮ್ಮ." ಸಕ್ಕರೆ ಹಾಗೆ ಇದ್ದಕ್ಕಿದ್ದ ಹಾಗೆ ಕುಸಿಯುವುದು ಅಪರೂಪವಾಯಿತು. ಮಗಳು ಶಾಲೆಗೆ ಮರಳಿದಳು. ನನ್ನ ಬಾಯಿಹುಣ್ಣು ಒಣಗಿತು, ಥೈರಾಯ್ಡ್ ಮಾತ್ರೆ ಚಿಕ್ಕದಾಯಿತು. ಹೊತ್ತು ಏರುವ ಮೊದಲೇ ಸುಸ್ತಾಗುತ್ತಿದ್ದವಳು ತೋಟದ ತುದಿಯವರೆಗೆ ಹತ್ತಿ ಬಂದೆ, ಬಂದು ಅತ್ತೆಯ ಜೊತೆ ಜಗಳವಾಡುವಷ್ಟು ಉಸಿರೂ ಉಳಿದಿರುತ್ತಿತ್ತು.

ಗೋಡೆಯ ಮೇಲೆ ನೀಲಿ ಅಂಕಿಗಳು ಕದಲಿದವು. ಇಪ್ಪತ್ತಾರು. ಇಪ್ಪತ್ತೆಂಟು. ಆಮೇಲೆ ಮತ್ತೆ ನಿಂತವು. ಒಂದು ತಿಂಗಳು, ಎರಡು ತಿಂಗಳು, ಇಪ್ಪತ್ತೆಂಟೇ. ಹೊಟ್ಟೆಯೂ ಮತ್ತೆ ಉಬ್ಬತೊಡಗಿತು. ಬ್ರೆಡ್ಡಿಲ್ಲ, ಬಿಸ್ಕೆಟ್ಟಿಲ್ಲ, ರವೆಯಿಲ್ಲ, ಶಾವಿಗೆಯಿಲ್ಲ. ಮಿಲ್ಲಿನಲ್ಲಿ ಗೋಧಿಯ ಪುಡಿ ಸೇರುತ್ತದೆಂದು ಅಕ್ಕಿಯನ್ನು ಮನೆಯಲ್ಲೇ ಬೀಸುತ್ತಿದ್ದೆವು. ಇನ್ನೆಲ್ಲಿಂದ ಬರುತ್ತಿದೆ?

ಕಂಡುಹಿಡಿದವಳು ಮಗಳೇ. ಅಡುಗೆಮನೆಯ ಕಪಾಟಿನ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಪರೀಕ್ಷೆಗೆ ಓದುವವಳ ಹಾಗೆ ಒಂದೊಂದರ ಮೇಲಿನ ಸಣ್ಣ ಅಕ್ಷರವನ್ನೂ ಓದುತ್ತ ಹೋದಳು. ಕೊನೆಗೆ ಒಂದನ್ನು ಎತ್ತಿ ಹಿಡಿದಳು. ಇಂಗು. ಪೇಟೆಯಲ್ಲಿ ಸಿಗುವ ಪುಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ನಮಗೆ ಯಾರಿಗೆ ಗೊತ್ತಿತ್ತು? ಸಾರಿಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಧಾರಾಳವಾಗಿ ಇಂಗು ಸುರಿಯುತ್ತಿದ್ದವರು ಅತ್ತೆ. ಅದಿಲ್ಲದೆ ಅವರಿಗೆ ಒಗ್ಗರಣೆಯೇ ಅಲ್ಲ.

"ಅತ್ತೆ," ಎಂದೆ, ಆದಷ್ಟು ಮೆತ್ತಗೆ. "ನಿಮ್ಮ ಕೈಯಿಂದ್ಲೂ ಗೋಧಿ ಹೋಗ್ತಿತ್ತು ನೋಡಿ."

"ನಿಂದು ನಾಲ್ಕು ವರ್ಷ ಸೇರುಗಟ್ಟಲೆ. ನಂದು ಚಿಟಿಕೆ," ಎಂದರು. ಆದರೆ ಡಬ್ಬಿಯನ್ನು ತಾವೇ ತೆಗೆದುಕೊಂಡು ಹೋಗಿ ತಿಪ್ಪೆಗೆ ಎಸೆದು ಬಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ.

ಆಮೇಲೆ ಗೋಡೆಯ ಮೇಲೆ ಜಾಗ ಸಾಲಲಿಲ್ಲ. ಹದಿನೈದಕ್ಕೆ ಮೂವತ್ತೈದು. ಒಂದು ಜೂನಿನಿಂದ ಇನ್ನೊಂದು ಜೂನಿಗೆ ಎರಡು ಸಲ ಯೂನಿಫಾರಂ ಹೊಲಿಸಿದೆವು. ಎಲ್ಲವೂ ನೆಟ್ಟಗೆ ನಡೆಯಿತು ಎಂದಲ್ಲ. ಒಮ್ಮೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿಯರ ಜೊತೆ ಸೇರಿ ಬೇಕರಿಯ ಪಫ್ಸ್ ತಿಂದು ಬಂದು ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗೆಲ್ಲಿತ್ತು? ಪಿಯುಸಿ ಮುಗಿಸಿ ಚಿಕ್ಕಮಗಳೂರಿನ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋದಳು. ಸೂಜಿಯ ಚೀಲ ಒಂದು ಹೆಗಲಿಗೆ, ಅಕ್ಕಿ ರೊಟ್ಟಿಯ ಡಬ್ಬಿ ಇನ್ನೊಂದು ಹೆಗಲಿಗೆ.

ಎರಡು ಸಾವಿರದ ಇಸವಿಯ ಆಚೆಗೆ ನಾಲ್ಕೈದು ವರ್ಷ ಕಳೆದಿದ್ದವು. ಕುಯ್ಲಿನ ಕಾಲದಲ್ಲಿ ಒಂದು ಶನಿವಾರ ಮನೆಗೆ ಬಂದಿದ್ದಳು. ಆಳುಗಳ ಚೀಲ ತೂಗಿ ಮುಗಿದಿತ್ತು. ಕರೆಯದೆಯೇ ಕಾಟಾ ಹತ್ತಿ ನಿಂತಳು. ಯಜಮಾನರು ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು, ಆಮೇಲೆ ನಿಧಾನವಾಗಿ ಹೇಳಿದರು, "ಐವತ್ತು." ಹೊರಟಿದ್ದ ಆಳುಗಳು ಹಿಂದಕ್ಕೆ ಬಂದರು. ಒಬ್ಬಳು ಮಗಳ ಬೆನ್ನು ತಟ್ಟಿ, "ಮೂಟೆ ಕಟ್ಟಿ ಕಾಫಿ ಕ್ಯೂರಿಂಗ್ ಮಿಲ್ಲಿಗೆ ಕಳ್ಸದೊಂದೇ ಬಾಕಿ ಅಕ್ಕೋರೆ," ಎಂದಳು. ಅತ್ತೆ ಜಗಲಿಯಿಂದ ಕೂಗಿ ಹೇಳಿದ್ದು ಒಂದೇ ಮಾತು, "ಅಕ್ಕಿ ತೆಗ್ದಿಡ್ರೋ."

ಕಳಸಕ್ಕೆ ಜೀಪಿನಲ್ಲಿ ಹೋದೆವು. ನಮ್ಮ ಗದ್ದೆಯ ಹೊಸ ಅಕ್ಕಿ. ತುಲಾಭಾರದ ಒಂದು ತಟ್ಟೆಯಲ್ಲಿ ಮಗಳು ಕೂತಳು, ತೊಡೆಯ ಮೇಲೆ ಸೂಜಿಯ ಚೀಲ. ಅದನ್ನು ಈಚೆ ಕೊಡು ಎಂದು ನಾನು ಕೈ ಚಾಚಿದರೆ ಅತ್ತೆ ತಡೆದರು. "ಇರ್ಲಿ. ಅದೂ ಅವಳದ್ದೇ ಅಲ್ವಾ. ಅದನ್ನೂ ಸೇರ್ಸಿ ತೂಗ್ಲಿ." ಆಗ ನೋಡಿದೆ. ಅತ್ತೆ ಹೊಸ ರವಿಕೆ ತೊಟ್ಟಿದ್ದರು, ಗಿಡ್ಡ ತೋಳಿನದು. ಯಾವಾಗ ಹೊಲಿಸಿದರೋ, ನನಗೆ ಹೇಳಿರಲಿಲ್ಲ. ಮಚ್ಚೆಯ ಕೈಗಳನ್ನು ಹಾಗೆಯೇ ಬಿಟ್ಟುಕೊಂಡು, ಅಷ್ಟು ಜನರ ಎದುರಿಗೆ ಬೊಗಸೆ ಬೊಗಸೆ ಅಕ್ಕಿಯನ್ನು ಇನ್ನೊಂದು ತಟ್ಟೆಗೆ ತಾವೇ ಸುರಿಯುತ್ತಿದ್ದರು. ಮಗಳ ತಟ್ಟೆ ಮೇಲೇಳಲಿಲ್ಲ. ಸುರಿದರು, ಇನ್ನೂ ಸುರಿದರು. ಬಹಳ ಹೊತ್ತಿನ ಮೇಲೆ ಮಗಳ ಕಾಲು ನೆಲದಿಂದ ಎದ್ದಿತು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅತ್ತೆಯ ಕಿವಿಯ ಹತ್ತಿರ ಹೋದೆ.

"ಅತ್ತೆ, ಅವತ್ತೇ ಹರಕೆ ತೀರ್ಸಿದ್ರೆ ಇಪ್ಪತ್ತು ಕೆಜಿಗೆ ಮುಗೀತಿತ್ತು. ಮೂವತ್ತು ಕೆಜಿ ಅಕ್ಕಿ ಉಳೀತಿತ್ತು ನೋಡಿ."

ಅವರು ಕೈಗೆ ಅಂಟಿದ ಅಕ್ಕಿಯನ್ನು ತಟ್ಟೆಯ ಮೇಲೆ ಕೊಡವಿ, ತಿರುಗಿಯೂ ನೋಡದೆ ಹೇಳಿದರು.

"ಉಳ್ಸಿ ಯಾರಿಗೆ ಬೇಯ್ಸಿ ಹಾಕ್ತಿದ್ದೆ? ನಿನ್ನ ಅಡುಗೆಮನೇಲಿ ಅವತ್ತು ಅನ್ನಕ್ಕೆ ಜಾಗ ಎಲ್ಲಿತ್ತೇ?"